ತುರಿಕೆಯಿಲ್ಲದ ಮಚ್ಚೆಯನ್ನು ಏಕೆ ಮೊದಲು ತೋರಿಸಬೇಕು: ಒಳಗಿನ ಕಾಯಿಲೆ ಚರ್ಮದ ಮೇಲೆ ಕಾಣುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಕುಷ್ಠರೋಗ ಪತ್ತೆಯ ಸಮೀಕ್ಷೆ ನಡೆಯುವಾಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ಮೈಮೇಲೆ ಎಲ್ಲಿಯಾದರೂ ಮಚ್ಚೆ ಇದೆಯೇ ಎಂದು ಕೇಳುತ್ತಾರೆ. ಬಹಳಷ್ಟು ಮನೆಗಳಲ್ಲಿ 'ಏನಿಲ್ಲ ಬಿಡ್ರಿ' ಎಂಬ ಉತ್ತರ ಬರುತ್ತದೆ. ಕೆಲವರು ಅಂಜಿ ಮುಚ್ಚಿಡುತ್ತಾರೆ. ಅದಕ್ಕಿಂತ ಹೆಚ್ಚು ಜನ ಏನನ್ನೂ ಮುಚ್ಚಿಡುವುದಿಲ್ಲ. ಬೆನ್ನಿನ ಮೇಲೋ ತೋಳಿನ ಮೇಲೋ ಇರುವ ಮಚ್ಚೆ ತುರಿಸುವುದಿಲ್ಲ, ನೋಯುವುದಿಲ್ಲ, ಆದ್ದರಿಂದ ಅದು ಕಾಯಿಲೆಯೆಂದು ಅವರಿಗೆ ಅನಿಸಿಯೇ ಇರುವುದಿಲ್ಲ. ಇದೇ ಮನೆಗಳಲ್ಲಿ ರಾತ್ರಿಯಿಡೀ ತುರಿಸುವ ಹುಳುಕಡ್ಡಿಗೆ ಮರುದಿನವೇ ಮೆಡಿಕಲ್ ಅಂಗಡಿಯಿಂದ ಟ್ಯೂಬು ಬಂದಿರುತ್ತದೆ.

ತುರಿಕೆಯನ್ನು ತಡೆದುಕೊಳ್ಳಲಾಗದೆ ಜನ ಹೇಗೋ ಚಿಕಿತ್ಸೆಯ ದಾರಿ ಹುಡುಕುತ್ತಾರೆ. ಆದರೆ ಚರ್ಮದ ಮೇಲೆ ಕಾಣುವ ಗಂಭೀರ ಕಾಯಿಲೆಗಳಲ್ಲಿ ಹಲವು ತುರಿಸುವುದೂ ಇಲ್ಲ, ನೋಯುವುದೂ ಇಲ್ಲ. ಯಾವುದನ್ನು ಬೇಗ ತೋರಿಸಬೇಕು, ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಅಂಜಬೇಕಿಲ್ಲ ಎಂಬುದನ್ನು ತಿಳಿಯಲು ಚರ್ಮದ ರಚನೆಯಿಂದಲೇ ಆರಂಭಿಸುವುದು ಒಳ್ಳೆಯದು.

ಚರ್ಮದ ಪದರಗಳು ಮತ್ತು ಅವು ತೋರಿಸುವ ಗುರುತುಗಳು

ಚರ್ಮ ದೇಹದ ಅತಿ ದೊಡ್ಡ ಅಂಗ. ವಯಸ್ಕರಲ್ಲಿ ಅದರ ವಿಸ್ತಾರ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್. ಮೇಲಿನ ತೆಳುವಾದ ಹೊರಪದರದಲ್ಲಿ ಜೀವಕೋಶಗಳು ತಳದಲ್ಲಿ ಹುಟ್ಟಿ, ಮೇಲಕ್ಕೆ ಸರಿದು, ಸತ್ತು, ಹೊಟ್ಟಿನಂತೆ ಉದುರುತ್ತಲೇ ಇರುತ್ತವೆ. ಬಣ್ಣ ಕೊಡುವ ಮೆಲನಿನ್ ತಯಾರಾಗುವುದೂ ಈ ಪದರದ ತಳದಲ್ಲಿಯೇ. ಅದರ ಕೆಳಗಿನ ಒಳಪದರದಲ್ಲಿ ರಕ್ತನಾಳಗಳು, ನರಗಳ ತುದಿಗಳು, ಬೆವರಿನ ಗ್ರಂಥಿಗಳು ಮತ್ತು ಕೂದಲಿನ ಬೇರುಗಳಿವೆ. ಎಲ್ಲಕ್ಕಿಂತ ಕೆಳಗೆ ಕೊಬ್ಬಿನ ಪದರವಿದೆ.

ಚರ್ಮದ ಮೇಲಿನ ಗುರುತುಗಳನ್ನು ಅರ್ಥಮಾಡಿಕೊಳ್ಳಲು ಈ ರಚನೆ ನೆನಪಿನಲ್ಲಿದ್ದರೆ ಸಾಕು. ಹೊರಪದರಕ್ಕೆ ಮಾತ್ರ ಶಿಲೀಂಧ್ರ ತಗುಲಿದರೆ ಹೊಟ್ಟು ಏಳುತ್ತದೆ ಮತ್ತು ತುರಿಸುತ್ತದೆ. ಒಳಪದರದ ರಕ್ತನಾಳಗಳು ಹಿಗ್ಗಿದರೆ ಕೆಂಪು ದದ್ದು ಮೂಡುತ್ತದೆ. ರಕ್ತ ನಾಳದಿಂದ ಹೊರಗೆ ಸೋರಿದರೆ ನೇರಳೆ ಚುಕ್ಕೆಯಾಗುತ್ತದೆ. ನರಗಳ ತುದಿಗಳು ಹಾಳಾದರೆ ಸ್ಪರ್ಶ, ನೋವು, ಬಿಸಿ, ತಂಪು ಯಾವುದೂ ತಿಳಿಯದು. ಬೆವರಿನ ಗ್ರಂಥಿಯೂ ಕೂದಲಿನ ಬೇರೂ ಕೆಟ್ಟರೆ ಆ ಜಾಗ ಒಣಗಿ ಕೂದಲು ಉದುರುತ್ತದೆ. ಯಕೃತ್ತು, ಮೂತ್ರಪಿಂಡ, ಥೈರಾಯ್ಡ್ ಮುಂತಾದವು ತಪ್ಪಿ ನಡೆದರೆ ರಕ್ತದಲ್ಲಿ ಹೆಚ್ಚಾದ ಅಥವಾ ಕಡಿಮೆಯಾದ ವಸ್ತುಗಳ ಪರಿಣಾಮ ಚರ್ಮದವರೆಗೂ ಬರುತ್ತದೆ.

ಗೋಡೆಯೊಳಗಿನ ನಳದ ಪೈಪು ಸೋರಿದಾಗ ಹೊರಗೆ ಕಾಣುವುದು ತೇವದ ಕಲೆ ಮಾತ್ರ. ಅದರ ಮೇಲೆ ಸುಣ್ಣ ಬಳಿದರೆ ಕೆಲವು ದಿನ ಕಲೆ ಮರೆಯಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಕಾರಣ ತಿಳಿಯದೆ ಮಚ್ಚೆಗೆ ಮುಲಾಮು ಹಚ್ಚುವುದರಲ್ಲಿಯೂ ಆಗುವುದು ಇಷ್ಟೇ.

ಸ್ಪರ್ಶ ಕಳೆದುಕೊಂಡ ಮಚ್ಚೆ

ಕುಷ್ಠಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ. ನಾರ್ವೆಯ ವೈದ್ಯ ಗೆರ್ಹಾರ್ಡ್ ಆರ್ಮೌವರ್ ಹ್ಯಾನ್ಸನ್ 1873ರಲ್ಲಿ ಅದನ್ನು ಗುರುತಿಸಿದರು. ಪಾಪ, ಶಾಪ, ವಂಶದ ದೋಷ ಎಂದು ಶತಮಾನಗಳಿಂದ ನಂಬಿದ್ದ ಕಾಯಿಲೆಗೆ ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ ಕಾರಣವೆಂದು ತಿಳಿದು ಒಂದೂವರೆ ಶತಮಾನವಾಯಿತು. ಈ ಬ್ಯಾಕ್ಟೀರಿಯಾ ದೇಹದ ತಂಪಾದ ಭಾಗಗಳಲ್ಲಿ, ಅಂದರೆ ಚರ್ಮದಲ್ಲಿ ಮತ್ತು ಚರ್ಮಕ್ಕೆ ಹತ್ತಿರದ ನರಗಳಲ್ಲಿ ನೆಲೆಸುತ್ತದೆ. ಅದು ಬೆಳೆಯುವ ವೇಗ ಬಹಳ ನಿಧಾನ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ 5 ವರ್ಷ, ಕೆಲವರಲ್ಲಿ 20 ವರ್ಷವೂ ಹಿಡಿಯಬಹುದು.

ಮೊದಲ ಗುರುತು ಸಾಮಾನ್ಯವಾಗಿ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಅಥವಾ ತಾಮ್ರದ ಬಣ್ಣದ ಒಂದು ಮಚ್ಚೆ. ಅದರಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ ಅಥವಾ ಇರುವುದೇ ಇಲ್ಲ. ಪರೀಕ್ಷೆ ಬಹಳ ಸರಳವಾದದ್ದು. ಆರೋಗ್ಯ ಸಿಬ್ಬಂದಿ ಮೊದಲು ಚೆನ್ನಾಗಿರುವ ಚರ್ಮವನ್ನು ಬಾಲ್‌ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಿ, 'ಹೀಗೆ ಮುಟ್ಟಿದಾಗ ಆ ಜಾಗವನ್ನು ಬೆರಳಿಟ್ಟು ತೋರಿಸ್ರಿ' ಎಂದು ತಿಳಿಸುತ್ತಾರೆ. ಆಮೇಲೆ ಕಣ್ಣು ಮುಚ್ಚಿಸಿ, ಒಮ್ಮೆ ಮಚ್ಚೆಯ ಹೊರಗೆ, ಒಮ್ಮೆ ಒಳಗೆ ಮುಟ್ಟುತ್ತಾರೆ. ಹೊರಗೆ ಮುಟ್ಟಿದಾಗ ಬೆರಳು ತಟ್ಟನೆ ಸರಿಯಾದ ಜಾಗಕ್ಕೆ ಹೋಗುತ್ತದೆ. ಒಳಗೆ ಮುಟ್ಟಿದಾಗ ಆ ಮನುಷ್ಯ ಕಣ್ಣು ಮುಚ್ಚಿಕೊಂಡು, ಇನ್ನೂ ಮುಟ್ಟಿಲ್ಲವೆಂದುಕೊಂಡು ಕಾಯುತ್ತಾ ಕುಳಿತಿರುತ್ತಾನೆ.

ನರಕ್ಕೆ ಹಾನಿ ಮುಂದುವರಿದರೆ ಅಪಾಯ ಹೆಚ್ಚುತ್ತದೆ. ಮೊಳಕೈ ಬಳಿಯ ನರ ದಪ್ಪವಾಗಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದು, ಕ್ರಮೇಣ ಮಡಚಿಕೊಳ್ಳುತ್ತವೆ. ಒಲೆಯ ಮುಂದೆ ಕುಳಿತು ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಮಗುಚುವ ಹೆಣ್ಣುಮಗಳಿಗೆ ಬೆರಳು ಸುಟ್ಟದ್ದು ಆಗ ತಿಳಿಯದೆ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳುತ್ತದೆ. ಹೊಲದಲ್ಲಿ ತೊಗರಿ ಕೂಳೆ ಅಂಗಾಲಿಗೆ ಚುಚ್ಚಿದ್ದು ಅರಿವಾಗದೆ ಗಾಯ ಕೀವಾಗುತ್ತದೆ. ಕುಷ್ಠದಲ್ಲಿ ಬೆರಳುಗಳು ತಾವಾಗಿಯೇ ಉದುರುವುದಿಲ್ಲ. ನೋವು ತಿಳಿಯದೆ ಮತ್ತೆಮತ್ತೆ ಆಗುವ ಗಾಯ, ಸುಟ್ಟಗಾಯ ಮತ್ತು ಸೋಂಕಿನಿಂದ ಅವು ಸವೆಯುತ್ತವೆ. ಮಚ್ಚೆ ಚಿಕ್ಕದಿರುವಾಗಲೇ ಔಷಧಿ ಆರಂಭಿಸಿದರೆ ಈ ಅಂಗವಿಕಲತೆಯನ್ನು ತಡೆಯಬಹುದು. ಸತ್ತ ನರವನ್ನು ಮಾತ್ರ ಯಾವ ಔಷಧಿಯೂ ಮೊದಲಿನಂತೆ ಮಾಡುವುದಿಲ್ಲ.

ಔಷಧಿ ಇದೆ, ಅದೂ ಉಚಿತವಾಗಿ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಲ್ಲಿ ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಎಂಬ ಔಷಧಿಗಳನ್ನು ಸೇರಿಸಿ ಕೊಡಲಾಗುತ್ತದೆ. ಮಚ್ಚೆಗಳು ಐದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು ಚಿಕಿತ್ಸೆ. ನಾಲ್ಕು ವಾರದ ಮಾತ್ರೆಗಳು ಒಂದೇ ಪಟ್ಟಿಯಲ್ಲಿರುತ್ತವೆ. ಮೊದಲ ದಿನದ ಮಾತ್ರೆಗಳನ್ನು ಆರೋಗ್ಯ ಸಿಬ್ಬಂದಿಯ ಎದುರಿಗೇ ನುಂಗಿಸುತ್ತಾರೆ. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುವುದು, ಕ್ಲೋಫಾಜಿಮಿನ್‌ನಿಂದ ಮೈಬಣ್ಣ ಸ್ವಲ್ಪ ಕಪ್ಪಾಗುವುದು ಸಹಜ. ಇವೆರಡಕ್ಕೂ ಅಂಜಿ ಮಾತ್ರೆ ಬಿಡುವವರು ಇರುವುದರಿಂದ ಇದನ್ನು ಇಲ್ಲಿ ಹೇಳಲೇಬೇಕು. ಚಿಕಿತ್ಸೆಯ ನಡುವೆ ಮಚ್ಚೆಗಳು ಒಮ್ಮೆಲೇ ಕೆಂಪಾಗಿ ಊದಿಕೊಂಡರೆ, ನರಗಳಲ್ಲಿ ನೋವು ಬಂದರೆ ಅಥವಾ ಕೈಕಾಲಿನ ಬಲ ಕುಗ್ಗಿದರೆ ಅದು ಸೋಂಕಿನ ವಿರುದ್ಧ ದೇಹ ತೋರುವ ತೀವ್ರ ಪ್ರತಿಕ್ರಿಯೆ. ಆಗ ಮಾತ್ರೆ ನಿಲ್ಲಿಸದೆ ಕೂಡಲೇ ವೈದ್ಯರ ಬಳಿ ಹೋಗಬೇಕು.

ಕುಷ್ಠ ಮುಟ್ಟಿದ ಮಾತ್ರಕ್ಕೆ ಹರಡುವುದಿಲ್ಲ. ಚಿಕಿತ್ಸೆ ಪಡೆಯದ ರೋಗಿಯ ಜೊತೆ ಬಹುಕಾಲ ಹತ್ತಿರದಲ್ಲಿ ಬಾಳುವವರಿಗೆ ಉಸಿರಿನ ಹನಿಗಳ ಮೂಲಕ ಹರಡಬಹುದು. ಆದರೂ ಬಹುಪಾಲು ಜನರ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಔಷಧಿ ಆರಂಭಿಸಿದ ಮೇಲೆ ಹರಡುವಿಕೆ ಬೇಗನೆ ನಿಂತುಹೋಗುತ್ತದೆ. ಹೀಗಾಗಿ ರೋಗಿಯನ್ನು ಮನೆಯ ಹೊರಗಿಡಲು, ತಟ್ಟೆ ಲೋಟ ಬೇರೆ ಮಾಡಲು ಯಾವ ಕಾರಣವೂ ಇಲ್ಲ. ವಿಚ್ಛೇದನಕ್ಕೆ ಕುಷ್ಠವನ್ನು ಕಾರಣವಾಗಿ ಒಪ್ಪುತ್ತಿದ್ದ ಕಾನೂನಿನ ಮಾತುಗಳನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು.

2005ರ ಕೊನೆಗೆ ಭಾರತವು 10 ಸಾವಿರ ಜನರಲ್ಲಿ ಒಂದಕ್ಕಿಂತ ಕಡಿಮೆ ರೋಗಿಗಳಿರುವ ಮಟ್ಟವನ್ನು ತಲುಪಿತು. ಇದನ್ನು 'ನಿರ್ಮೂಲನೆ' ಎಂದು ಘೋಷಿಸಿದ್ದರಿಂದ ಕುಷ್ಠ ಮುಗಿದುಹೋಯಿತು ಎಂಬ ಭಾವನೆ ಜನರಲ್ಲಿ ಬೆಳೆಯಿತು. ಅದು ದೇಶದ ಸರಾಸರಿ ಲೆಕ್ಕ ಮಾತ್ರ. ಹೊಸ ರೋಗಿಗಳು ಪ್ರತಿವರ್ಷವೂ ಪತ್ತೆಯಾಗುತ್ತಿದ್ದಾರೆ, ಅವರಲ್ಲಿ ಮಕ್ಕಳೂ ಇದ್ದಾರೆ. ಮನೆಬಾಗಿಲಿನ ಸಮೀಕ್ಷೆ ಇಂದಿಗೂ ನಡೆಯುತ್ತಿರುವುದು ಅದಕ್ಕಾಗಿಯೇ.

ಎಲ್ಲ ಬಿಳಿ ಮಚ್ಚೆಯೂ ಕುಷ್ಠವಲ್ಲ

ತೊನ್ನಿನಲ್ಲಿ ಬಣ್ಣ ಕೊಡುವ ಕೋಶಗಳು ನಾಶವಾಗಿ ಚರ್ಮ ಹಾಲಿನಂತೆ ಬಿಳಿಯಾಗುತ್ತದೆ, ಆದರೆ ಸ್ಪರ್ಶ ಪೂರ್ತಿ ಇರುತ್ತದೆ. ಅದು ಅಂಟುರೋಗವಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವೂ ಇಲ್ಲ. ಎದೆ, ಬೆನ್ನು, ಕುತ್ತಿಗೆಯ ಮೇಲೆ ಬೆವರಿನ ಕಾಲದಲ್ಲಿ ಹರಡುವ, ಕೆರೆದರೆ ಸಣ್ಣ ಹೊಟ್ಟು ಏಳುವ ಚಿಬ್ಬು ಒಂದು ಶಿಲೀಂಧ್ರದ ಸೋಂಕು. ಗುಣವಾದ ಮೇಲೂ ಬಣ್ಣ ಮರಳಲು ತಿಂಗಳುಗಳು ಹಿಡಿಯುತ್ತವೆ. ಮಕ್ಕಳ ಕೆನ್ನೆಯ ಮೇಲಿನ ಮಸುಕಾದ ಒಣ ಮಚ್ಚೆಗಳನ್ನು ಹೊಟ್ಟೆಯ ಹುಳದ ಗುರುತು ಎನ್ನುವುದುಂಟು. ಹೆಚ್ಚಿನ ಸಲ ಅದು ಒಣಚರ್ಮ ಮತ್ತು ಬಿಸಿಲಿನಿಂದ ಆಗುವ ಸಾಮಾನ್ಯ ತೊಂದರೆ. ಅನುಮಾನವಿದ್ದಲ್ಲಿ ಮೇಲೆ ಹೇಳಿದ ಸ್ಪರ್ಶದ ಪರೀಕ್ಷೆ ದಾರಿ ತೋರಿಸುತ್ತದೆ, ಆದರೆ ಕೊನೆಯ ತೀರ್ಮಾನ ವೈದ್ಯರದೇ.

ತುರಿಸುವ ಕಾಯಿಲೆಗಳು ಮತ್ತು ತಪ್ಪು ಮುಲಾಮು

ಕಜ್ಜಿಗೆ ಕಾರಣ ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಒಂದು ನುಸಿ. ಹೆಣ್ಣು ನುಸಿ ಹೊರಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟ, ತೊಡೆಯ ಸಂದಿನಲ್ಲಿ ಸಣ್ಣ ಗುಳ್ಳೆಗಳೆದ್ದು ರಾತ್ರಿಯ ಹೊತ್ತು ತುರಿಕೆ ಜೋರಾಗುತ್ತದೆ. ಮೊದಲ ಸಲ ತಗುಲಿದಾಗ ತುರಿಕೆ ಆರಂಭವಾಗಲು 4ರಿಂದ 6 ವಾರ ಬೇಕು. ತಾವು ಚೆನ್ನಾಗಿದ್ದೇವೆಂದುಕೊಂಡವರೂ ಅಷ್ಟರಲ್ಲಿ ಇತರರಿಗೆ ಹಂಚಿರುತ್ತಾರೆ. ಆದ್ದರಿಂದಲೇ ವೈದ್ಯರು ತುರಿಕೆ ಇಲ್ಲದವರನ್ನೂ ಸೇರಿಸಿ ಮನೆಮಂದಿಗೆಲ್ಲ ಒಂದೇ ರಾತ್ರಿ ಪರ್ಮೆಥ್ರಿನ್ ಮುಲಾಮು ಹಚ್ಚಿಕೊಳ್ಳಲು ಹೇಳುತ್ತಾರೆ. ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಸಂದೂ ಬಿಡದಂತೆ ಹಚ್ಚಿ, ಬೆಳಿಗ್ಗೆ ತೊಳೆದು, ಒಂದು ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಹಸುಗೂಸು, ಗರ್ಭಿಣಿಯರ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನುಸಿ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಉಳಿಯುತ್ತದೆ, ಅದರಿಂದ ಔಷಧಿ ಕೆಲಸ ಮಾಡಲಿಲ್ಲವೆಂದು ಭಾವಿಸಬಾರದು. ವಸತಿ ನಿಲಯಗಳಲ್ಲಿ ಒಬ್ಬನಿಗೆ ಮಾತ್ರ ಔಷಧಿ ಕೊಟ್ಟು ಸುಮ್ಮನಾದರೆ ಕಜ್ಜಿ ಸುತ್ತಿ ಸುತ್ತಿ ಮರಳಿ ಬರುತ್ತದೆ.

ಮಕ್ಕಳು ಕಜ್ಜಿಯನ್ನು ಕೆರೆದು ಕೀವುಗುಳ್ಳೆ ಮಾಡಿಕೊಂಡಾಗ ಅದನ್ನು ಲಘುವಾಗಿ ಕಾಣಬಾರದು. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಕೆಲವು ಬಗೆಗಳಿಂದ ಆದ ಚರ್ಮದ ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯಿಂದ, ಕೆಲವು ವಾರಗಳ ನಂತರ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಹುಣ್ಣು ಮಾಯ್ದ ಮಗುವಿನ ಮುಖ ಬೆಳಿಗ್ಗೆ ಊದಿಕೊಂಡಿದ್ದು, ಮೂತ್ರ ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ತೋರಿಸಬೇಕು.

ಹುಳುಕಡ್ಡಿಯ ಸಮಸ್ಯೆ ಬೇರೆ ಬಗೆಯದು. ಇದು ಹುಳವಲ್ಲ, ಹೊರಪದರದ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬೆಳೆಯುವ ಶಿಲೀಂಧ್ರ. ತೊಡೆಯ ಸಂದು, ಸೊಂಟದಲ್ಲಿ ಉಂಗುರದಂತೆ ಅಂಚು ಕೆಂಪಾಗಿ ಹರಡುತ್ತದೆ. ಕಳೆದ ಹತ್ತಾರು ವರ್ಷಗಳಲ್ಲಿ ಭಾರತದಲ್ಲಿ ಇದು ಹಳೆಯ ಔಷಧಿಗಳಿಗೆ ಜಗ್ಗದಂತಾಗಿದೆ. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳನ್ನು ಚೀಟಿಯಿಲ್ಲದೆ ಕೊಂಡು ಹಚ್ಚುವ ರೂಢಿ. ಸ್ಟೀರಾಯ್ಡ್ ಚರ್ಮದ ರೋಗನಿರೋಧಕ ಪ್ರತಿಕ್ರಿಯೆಯನ್ನು ಅಡಗಿಸುತ್ತದೆ. ಹಾಗಾಗಿ ಎರಡು ದಿನದಲ್ಲಿ ತುರಿಕೆ ನಿಂತು ಕೆಂಪು ಇಳಿಯುತ್ತದೆ; ತಡೆಯಿಲ್ಲದ ಶಿಲೀಂಧ್ರ ಮಾತ್ರ ಆಳಕ್ಕೂ ಅಗಲಕ್ಕೂ ಬೆಳೆಯುತ್ತದೆ. ಹಚ್ಚುವುದು ಬಿಟ್ಟ ಕೂಡಲೇ ಇಮ್ಮಡಿಯಾಗಿ ಮರಳುತ್ತದೆ, ಚರ್ಮ ತೆಳುವಾಗಿ ಬಿರುಕಿನ ಗೆರೆಗಳು ಶಾಶ್ವತವಾಗಿ ಉಳಿಯುತ್ತವೆ. ಉಂಗುರದ ಆಕಾರವೂ ಅಳಿಸಿಹೋಗುವುದರಿಂದ ವೈದ್ಯರಿಗೂ ಗುರುತಿಸುವುದು ಕಷ್ಟವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಆದರೂ 'ತುರಿಕೆಗೆ ಒಂದು ಟ್ಯೂಬ್ ಕೊಡ್ರಿ' ಎಂದರೆ ಬಹಳ ಕಡೆ ಇಂದಿಗೂ ಕೈಗೆ ಬರುವುದು ಅದೇ. ಸರಿಯಾದ ಶಿಲೀಂಧ್ರನಾಶಕ ಔಷಧಿಯನ್ನು ವಾರಗಟ್ಟಲೆ, ಮಚ್ಚೆ ಮಾಯವಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಬಳಸಬೇಕು. ಟವೆಲ್ ಹಂಚಿಕೊಳ್ಳಬಾರದು, ಒದ್ದೆ ಒಳಉಡುಪು ತೊಡಬಾರದು.

ಜ್ವರದ ಜೊತೆ ಬರುವ ದದ್ದು

ವೈರಸ್ ರಕ್ತದಲ್ಲಿ ಸೇರಿ ಮೈಯೆಲ್ಲ ಹರಡಿದಾಗ ಚರ್ಮದ ಸಣ್ಣ ರಕ್ತನಾಳಗಳಲ್ಲಿ ಉರಿಯೂತವಾಗಿ ದದ್ದು ಏಳುತ್ತದೆ. ಅದು ಎಲ್ಲಿ ಮೊದಲು ಎದ್ದಿತು, ಜ್ವರದ ಎಷ್ಟನೇ ದಿನ ಎದ್ದಿತು ಎಂಬ ಎರಡು ವಿವರ ವೈದ್ಯರಿಗೆ ಅರ್ಧ ಉತ್ತರ ಕೊಡುತ್ತವೆ. ದಡಾರದಲ್ಲಿ, ನಮ್ಮ ಕಡೆ ಕೆಲವರು ಗೊಬ್ಬರ ಎನ್ನುವ ಕಾಯಿಲೆಯಲ್ಲಿ, ಮೂರ್ನಾಲ್ಕು ದಿನ ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು ಇದ್ದು, ಆಮೇಲೆ ಕಿವಿಯ ಹಿಂದೆ ಮತ್ತು ಮುಖದಲ್ಲಿ ಎದ್ದ ದದ್ದು ಕೆಳಕ್ಕೆ ಇಳಿಯುತ್ತದೆ. ಇದಕ್ಕೆ ಅಮ್ಮನ ಹೆಸರು ಹೇಳಿ ಬೇವಿನ ಸೊಪ್ಪು ಕಟ್ಟುವುದರಿಂದ ಹಾನಿಯಿಲ್ಲ. ಆದರೆ ಆಸ್ಪತ್ರೆಗೆ ಹೋಗಬಾರದೆಂಬ ಕಟ್ಟಳೆಯಿಂದ ಮಕ್ಕಳು ನ್ಯುಮೋನಿಯಾ, ಭೇದಿ, ಕುರುಡುತನಕ್ಕೆ ತುತ್ತಾಗಬಹುದು. ದಡಾರ ಬಂದ ಮಗುವಿಗೆ ವಿಟಮಿನ್ ಎ ಕೊಡಿಸಬೇಕು. ಬಾರದಂತೆ ತಡೆಯಲು 9ರಿಂದ 12 ತಿಂಗಳೊಳಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ.

ಸೀತಾಳೆ ಸಿಡುಬಿನ ವೈರಸ್ ಗುಳ್ಳೆಗಳು ಮಾಯ್ದ ಮೇಲೆ ದೇಹ ಬಿಟ್ಟು ಹೋಗುವುದಿಲ್ಲ. ಅದು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ, ದಶಕಗಳ ನಂತರ, ವಯಸ್ಸಾದಾಗ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರದ ಗುಂಟ ಹೊರಬರುತ್ತದೆ. ಅದೇ ಸರ್ಪಸುತ್ತು. ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ, ನೋವು ಆರಂಭವಾಗಿ ಗುಳ್ಳೆಗಳೇಳುತ್ತವೆ. ಸರ್ಪ ಸುತ್ತು ಪೂರ್ತಿಯಾದರೆ ಸಾವು ಬರುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಆ ಹೆದರಿಕೆಯಲ್ಲಿ ಮಂತ್ರ ಹಾಕಿಸುತ್ತಾ ಮೊದಲ ಮೂರು ದಿನ ಕಳೆಯುವುದೇ ನಿಜವಾದ ನಷ್ಟ, ಏಕೆಂದರೆ ವೈರಸ್ ವಿರುದ್ಧದ ಮಾತ್ರೆಗಳು 72 ಗಂಟೆಯೊಳಗೆ ಆರಂಭವಾದರೆ ಹೆಚ್ಚು ಫಲ ಕೊಡುತ್ತವೆ. ಹಣೆ, ಕಣ್ಣು, ಮೂಗಿನ ತುದಿಯ ಮೇಲೆ ಎದ್ದರೆ ದೃಷ್ಟಿಗೇ ಅಪಾಯ.

ಡೆಂಗಿಯಲ್ಲಿ ರಕ್ತನಾಳಗಳು ಸೋರುತ್ತವೆ, ಪ್ಲೇಟ್‌ಲೆಟ್ ಕುಸಿಯುತ್ತದೆ. ದದ್ದಿನ ಮೇಲೆ ಗಾಜಿನ ಲೋಟವನ್ನು ಒತ್ತಿ ನೋಡಿದಾಗ ಅದು ಮರೆಯಾದರೆ ರಕ್ತ ನಾಳದೊಳಗೇ ಇದೆ. ಮರೆಯಾಗದೆ ಚುಕ್ಕೆಯಾಗಿ ಉಳಿದರೆ ರಕ್ತ ಚರ್ಮಕ್ಕೆ ಸೋರಿದೆ ಎಂದರ್ಥ. ಕಪ್ಪು ಮೈಬಣ್ಣದಲ್ಲಿ ಇದು ಸುಲಭವಾಗಿ ಕಾಣದು, ಆದ್ದರಿಂದ ಅಂಗೈ, ಅಂಗುಳ, ಕೆಳರೆಪ್ಪೆಯ ಒಳಭಾಗವನ್ನೂ ನೋಡಬೇಕು. ಜ್ವರ ಇಳಿದ ದಿನವೇ ಅಪಾಯದ ಕಾಲ ಆರಂಭವಾಗಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ಮಂಪರು ಕಂಡರೆ ಕಾಯಬಾರದು. ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು.

2006ರ ಚಿಕುನ್‌ಗುನ್ಯ ಹಾವಳಿ ಈ ಭಾಗದ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಹೆಚ್ಚು ಪೆಟ್ಟು ತಿಂದ ರಾಜ್ಯಗಳಲ್ಲಿ ಕರ್ನಾಟಕವೂ, ಅದರಲ್ಲಿ ಕಲಬುರಗಿ ಜಿಲ್ಲೆಯೂ ಇದ್ದವು. ಕೀಲುನೋವಿನ ಜೊತೆ ಕೆಲವರ ಮೂಗಿನ ಮೇಲೆ ಕಂದು-ಕಪ್ಪು ಬಣ್ಣ ಮೂಡಿ ತಿಂಗಳುಗಟ್ಟಲೆ ಉಳಿಯುತ್ತದೆ. ಇದು ಉರಿಯೂತದ ನಂತರ ಮೆಲನಿನ್ ಹೆಚ್ಚಿದ್ದರ ಗುರುತು, ಕ್ರಮೇಣ ತಿಳಿಯಾಗುತ್ತದೆ. ಬಿಳುಪು ಮಾಡುವ ಕ್ರೀಮುಗಳ ಅಗತ್ಯವಿಲ್ಲ.

ಅಂಗೈ ಮತ್ತು ಅಂಗಾಲಿನಲ್ಲಿ ತುರಿಕೆಯಿಲ್ಲದ ತಾಮ್ರವರ್ಣದ ಚುಕ್ಕೆಗಳು ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ನ ಎರಡನೆಯ ಹಂತದ ಗುರುತಾಗಿರಬಹುದು. ಕಿರಿಯ ವಯಸ್ಸಿನಲ್ಲಿ ಸರ್ಪಸುತ್ತು ಮತ್ತೆಮತ್ತೆ ಬಂದರೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಎರಡಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಗುಟ್ಟಾಗಿ ಪರೀಕ್ಷೆ, ಚಿಕಿತ್ಸೆ ದೊರೆಯುತ್ತದೆ.

ಸಕ್ಕರೆ ಕಾಯಿಲೆ ಮತ್ತು ಒಳಗಿನ ಅಂಗಗಳು

ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ಕಪ್ಪಾಗಿ, ಮಖಮಲ್ಲಿನಂತೆ ದಪ್ಪವಾಗುವುದನ್ನು ಕೊಳೆಯೆಂದು ತಿಳಿದು ಕಲ್ಲಿನಿಂದ ತಿಕ್ಕುವವರಿದ್ದಾರೆ. ಹರೆಯದ ಮಕ್ಕಳಿಗೆ ತಾಯಂದಿರು ಬೈಯುವುದೂ ಉಂಟು. ಅದು ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದರ ಪ್ರಮಾಣ ಏರಿದಾಗ ಚರ್ಮದ ಕೋಶಗಳು ಹೆಚ್ಚು ಬೆಳೆಯುತ್ತವೆ. ಸಕ್ಕರೆ ಕಾಯಿಲೆ ಬರುವ ಮೊದಲೇ ಕಾಣುವ ಈ ಗುರುತು ತುರಿಸದು, ನೋಯದು. ತೂಕ ಇಳಿಸಿ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುನ್ಸೂಚನೆ ಸಿಗುವುದು ಕಷ್ಟ.

ಕಾಯಿಲೆ ಬಂದ ಮೇಲೆ ಮತ್ತೆಮತ್ತೆ ಕುರು ಏಳುವುದು, ಜನನಾಂಗದ ಬಳಿ ಶಿಲೀಂಧ್ರದ ತುರಿಕೆ, ಮಾಯದ ಗಾಯ ಕಾಣುತ್ತವೆ. ಹೆಚ್ಚಿದ ಸಕ್ಕರೆ ಸೂಕ್ಷ್ಮಜೀವಿಗಳಿಗೆ ಅನುಕೂಲ ಮಾಡಿಕೊಟ್ಟು ಬಿಳಿರಕ್ತಕಣಗಳ ಕೆಲಸವನ್ನು ಕುಗ್ಗಿಸುತ್ತದೆ. ವರ್ಷಗಳು ಕಳೆದಂತೆ ಪಾದದ ನರಗಳೂ ಕುಷ್ಠದಲ್ಲಿ ಆಗುವಂತೆಯೇ ಸ್ಪರ್ಶ ಕಳೆದುಕೊಳ್ಳುತ್ತವೆ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಶರಣಬಸವೇಶ್ವರ ಗುಡಿಯ ಅಂಗಳದಲ್ಲಾಗಲಿ, ಖಾಜಾ ಬಂದೇನವಾಜ್ ದರ್ಗಾದ ಹಾಸುಗಲ್ಲಿನ ಮೇಲಾಗಲಿ ಬರಿಗಾಲಲ್ಲಿ ನಡೆದವರು ಕಾಲು ಎತ್ತಿ ಎತ್ತಿ ಇಡುತ್ತಾರೆ. ಸ್ಪರ್ಶವಿಲ್ಲದವರು ನಿಧಾನವಾಗಿ ನಡೆದುಹೋಗಿ, ಸಂಜೆ ಮನೆಯಲ್ಲಿ ಅಂಗಾಲಿನ ಬೊಬ್ಬೆ ನೋಡುತ್ತಾರೆ. ಸಕ್ಕರೆ ಕಾಯಿಲೆಯವರು ದಿನವೂ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಅಥವಾ ಮನೆಯವರಿಂದ ನೋಡಿಸಬೇಕು. ಇಂತಹ ಜಾಗಗಳಲ್ಲಿ ಕಾಲುಚೀಲ ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಥೈರಾಯ್ಡ್ ಮಂದವಾದರೆ ಚರ್ಮ ಒಣಗಿ ಒರಟಾಗಿ ತಣ್ಣಗಿರುತ್ತದೆ, ಕೂದಲು ಉದುರುತ್ತದೆ. ಅತಿಯಾದರೆ ಚರ್ಮ ಬಿಸಿಯಾಗಿ ಬೆವರುತ್ತದೆ. ಗುಳ್ಳೆ ದದ್ದು ಯಾವುದೂ ಇಲ್ಲದೆ ಮೈಯೆಲ್ಲ ತುರಿಸಿದರೆ ಪಿತ್ತನಾಳದ ತಡೆ ಅಥವಾ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರಬಹುದು, ಸಾಬೂನು ಬದಲಿಸುತ್ತಾ ಕೂರಬಾರದು. ಕಾಮಾಲೆ ಮೊದಲು ಕಾಣುವುದು ಕಣ್ಣಿನ ಬಿಳಿಭಾಗದಲ್ಲಿ. ರಕ್ತಹೀನತೆಯನ್ನು ನಮ್ಮ ಮೈಬಣ್ಣದಲ್ಲಿ ಮುಖ ನೋಡಿ ಹೇಳಲಾಗದು. ಕೆಳರೆಪ್ಪೆಯ ಒಳಭಾಗ, ನಾಲಗೆ, ಅಂಗೈ ಬಿಳಿಚಿಕೊಂಡಿವೆಯೇ, ಉಗುರು ಚಮಚದಂತೆ ಒಳಬಾಗಿದೆಯೇ ಎಂದು ನೋಡಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಜನ ರಕ್ತಹೀನರು. 'ಬೆಳ್ಳಗಾಗ್ಯಾಳ' ಎಂದು ಮೆಚ್ಚುವ ಮೊದಲು ರೆಪ್ಪೆ ಸರಿಸಿ ನೋಡುವುದು ಒಳ್ಳೆಯದು.

ಕುಡಿಯುವ ನೀರು, ತಿನ್ನುವ ಕಾಳು

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅನೇಕರ ಚರ್ಮದ ಮೇಲೆ ಕಾಣಿಸಿಕೊಂಡ ಗುರುತುಗಳಿಗೆ ಕಾರಣ ಸೋಂಕಲ್ಲ, ನೀರಿನಲ್ಲಿದ್ದ ಆರ್ಸೆನಿಕ್ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈ ಪ್ರದೇಶ ಹಿಂದೆ ಚಿನ್ನದ ಗಣಿಗಾರಿಕೆ ನಡೆದ, ಇದೇ ಭಾಗದ ಮಂಗಳೂರು ಎಂಬ ಊರಿನ ಹೆಸರಿನ ಶಿಲಾಪಟ್ಟಿಯಲ್ಲಿ, ಅಂದರೆ ನೆಲದಡಿಯ ಬಂಡೆಗಳ ಪಟ್ಟಿಯಲ್ಲಿದೆ. ಕರಾವಳಿಯ ಮಂಗಳೂರಿಗೂ ಇದಕ್ಕೂ ಸಂಬಂಧವಿಲ್ಲ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜಗಳೂ ಇರುವುದರಿಂದ ಅದು ಅಂತರ್ಜಲಕ್ಕೆ ಸೇರುತ್ತದೆ.

ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಅಂತಹ ನೀರು ಕುಡಿದವರ ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಮತ್ತು ತಿಳಿ ಚುಕ್ಕೆಗಳು ಹರಡುತ್ತವೆ. ಅಂಗೈ ಅಂಗಾಲುಗಳಲ್ಲಿ ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳೇಳುತ್ತವೆ; ದುಡಿಯುವ ಕೈಯ ಜಡ್ಡು ಎಂದುಕೊಂಡು ಬಿಟ್ಟುಬಿಡುವಂತೆ ಅವು ಕಾಣುತ್ತವೆ. ಜಡ್ಡು ಏಳುವುದು ಸಲಾಕೆ, ಕುಡುಗೋಲು ಉಜ್ಜುವ ಜಾಗದಲ್ಲಿ. ಆರ್ಸೆನಿಕ್ ಗಂಟುಗಳು ಉಜ್ಜದ ಜಾಗಗಳಲ್ಲಿಯೂ ಎರಡೂ ಅಂಗೈಯಲ್ಲಿ ಹರಡಿರುತ್ತವೆ, ಮತ್ತು ಅವುಗಳಲ್ಲಿ ಕೆಲವು ಮುಂದೆ ಚರ್ಮದ ಕ್ಯಾನ್ಸರ್ ಆಗಬಹುದು. ಇದು ಒಬ್ಬರಿಂದ ಒಬ್ಬರಿಗೆ ಹರಡದು. ಒಂದೇ ಬೋರ್‌ವೆಲ್ಲಿನ ನೀರು ಕುಡಿದವರಿಗೆ ಬರುವುದರಿಂದ ಅಂಟುರೋಗದಂತೆ ಕಾಣುತ್ತದೆ ಅಷ್ಟೇ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾಗುವುದರಿಂದ ಅದರ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು. ಚಿಕಿತ್ಸೆಯ ಮೊದಲ ಹೆಜ್ಜೆ ನೀರಿನ ಮೂಲವನ್ನು ಬದಲಿಸುವುದು.

ಆಹಾರಕ್ಕೆ ಸಂಬಂಧಿಸಿದ ಇನ್ನೊಂದು ಕಥೆ ನಮ್ಮ ಜೋಳದ್ದು. ದಕ್ಕನ್ನಿನ ಬಡ ಕೂಲಿಕಾರರಲ್ಲಿ ಬಿಸಿಲು ಬೀಳುವ ಕುತ್ತಿಗೆ, ಮುಂಗೈ, ಪಾದದ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯುವ, ಜೊತೆಗೆ ಭೇದಿ ಮತ್ತು ಮಂಕು ತರುವ ಪೆಲ್ಲಾಗ್ರ ಕಾಣುತ್ತಿತ್ತು. 1960ರಲ್ಲಿ ಪೌಷ್ಟಿಕ ವಿಜ್ಞಾನಿ ಸಿ. ಗೋಪಾಲನ್ ಮತ್ತು ಸಹೋದ್ಯೋಗಿ ಇದು ಜೋಳವನ್ನೇ ನೆಚ್ಚಿದವರಲ್ಲಿ ಬರುವುದನ್ನು ವರದಿ ಮಾಡಿದರು. ಇದು ನಯಾಸಿನ್ ಎಂಬ ಬಿ ವಿಟಮಿನ್ನಿನ ಕೊರತೆ. ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಪ್ರೋಟೀನಿನ ಅಂಶ, ದೇಹ ನಯಾಸಿನ್ ತಯಾರಿಸುವುದಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರ ವಿವರಣೆಯಾಗಿತ್ತು. ಇದರಿಂದ ಜೋಳ ಕೆಟ್ಟದ್ದು ಎಂದು ತೀರ್ಮಾನಿಸಬಾರದು. ತೊಂದರೆ ಬಂದದ್ದು ಬೇರೇನೂ ಇಲ್ಲದೆ ಬರೀ ಜೋಳವನ್ನೇ ಉಂಡವರಿಗೆ. ರೊಟ್ಟಿಯ ಜೊತೆ ತೊಗರಿ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಇರುವ ಊಟದಲ್ಲಿ ಆ ಕೊರತೆ ಬೀಳುವುದಿಲ್ಲ. ಇಂದು ಪೆಲ್ಲಾಗ್ರ ಅಪರೂಪ. ಆದರೆ ಊಟ ಬಿಟ್ಟು ಕುಡಿಯುವವರಲ್ಲಿ, ಕೆಲವೊಮ್ಮೆ ಕ್ಷಯಕ್ಕೆ ಐಸೋನಿಯಾಜಿಡ್ ನುಂಗುವ ದುರ್ಬಲರಲ್ಲಿ ಈಗಲೂ ಕಾಣುತ್ತದೆ.

ಯಾವಾಗ, ಎಲ್ಲಿಗೆ ಹೋಗಬೇಕು

ಜ್ವರದೊಂದಿಗೆ ಒತ್ತಿದರೂ ಮರೆಯಾಗದ ನೇರಳೆ ಚುಕ್ಕೆಗಳು, ಹೊಸ ಮಾತ್ರೆ ಆರಂಭಿಸಿದ ಮೇಲೆ ಬಾಯಿಹುಣ್ಣಿನ ಜೊತೆ ಚರ್ಮ ಸುಲಿಯುವುದು, ಮುಖ-ತುಟಿ ಊದಿ ಉಸಿರಾಟಕ್ಕೆ ತೊಂದರೆ, ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಬೇಗಬೇಗ ಹರಡುವ ಕೆಂಪು ಬಿಸಿ ಊತ ಇವು ತುರ್ತಿನವು, ರಾತ್ರಿಯಾದರೂ ಹೋಗಬೇಕು. ಮುಟ್ಟಿದ್ದು ತಿಳಿಯದ ಮಚ್ಚೆ ಆ ವಾರದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕಾದದ್ದು. ಅಲ್ಲಿಂದ ಅಗತ್ಯ ಬಿದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್ ಆಸ್ಪತ್ರೆಗೆ ಕಳಿಸುತ್ತಾರೆ.

ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನು, ಮುಗಿದು ಚಪ್ಪಟೆಯಾಗಿದ್ದರೂ, ಮತ್ತು ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಒಯ್ಯಬೇಕು. ಮಚ್ಚೆ ಮೊದಲು ಕಂಡಾಗಿನ ಫೋಟೊ ಮೊಬೈಲಿನಲ್ಲಿದ್ದರೆ ತೋರಿಸಬೇಕು. ಮನೆಯಲ್ಲಿ ಇನ್ನಾರಿಗೆ ಇಂತಹದೇ ಇದೆ, ಕುಡಿಯುವ ನೀರು ಯಾವ ಬೋರ್‌ವೆಲ್ಲಿನದು ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. ಮತ್ತು ತುರಿಕೆಗೆ ತೋರಿಸಲು ಹೋದ ದಿನವೇ, ತುರಿಸದೆ ಬೆನ್ನಿನ ಮೇಲೆ ಉಳಿದಿರುವ ಆ ಇನ್ನೊಂದು ಮಚ್ಚೆಯನ್ನೂ ಅಂಗಿ ಬಿಚ್ಚಿ ತೋರಿಸಬೇಕು.